ಹಬ್ ಡೈನಮೊ ದೀಪ: ನಾಲ್ಕು ವರ್ಷಗಳ ಬಳಕೆ, ಏಳು ಲೂಸ್ ಕನೆಕ್ಷನ್

ಮುಂದಿನ ಚಕ್ರದ ಹಬ್‌ನೊಳಗೇ ಡೈನಮೊ ಅಳವಡಿಸಿರುವ ಸೈಕಲ್ಲನ್ನು ನಾನು ನಾಲ್ಕು ವರ್ಷಗಳಿಂದ ಬಳಸುತ್ತಿದ್ದೇನೆ. ಬೆಂಗಳೂರಿನಲ್ಲಿ ದಿನವೂ ಕಚೇರಿಗೆ ಹೋಗಿಬರುವುದು, ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆಯ ಕಡೆಗೆ ಒಂದೆರಡು ಪ್ರವಾಸ, ವರ್ಷಕ್ಕೊಮ್ಮೆ ಕಾಲಮಿತಿಯೊಳಗೆ ಮುಗಿಸಬೇಕಾದ ದೂರದ ಬ್ರೆವೆ ಸವಾರಿ, ಎಲ್ಲ ಸೇರಿ ಹನ್ನೊಂದು ಸಾವಿರ ಕಿಲೋಮೀಟರ್ ದಾಟಿದೆ. ಈ ಅವಧಿಯಲ್ಲಿ ಡೈನಮೊ ಒಮ್ಮೆಯೂ ಕೈಕೊಟ್ಟಿಲ್ಲ, ದೀಪವೂ ಕೆಟ್ಟಿಲ್ಲ. ಆದರೂ ನಾನು ಕತ್ತಲಲ್ಲಿ ನಿಂತದ್ದು ಏಳು ಸಲ, ಮತ್ತು ಏಳು ಸಲವೂ ದೋಷವಿದ್ದದ್ದು ತಂತಿಯ ಜಾಯಿಂಟ್‌ಗಳಲ್ಲಿ. ಹಾಗಾಗಿ ಬೆಳಕಿನ ಗುಣವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ಬೀದಿದೀಪವಿಲ್ಲದ ಹಳ್ಳಿ ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ ಅದು ಧಾರಾಳವಾಗಿ ಸಾಕು. ಹಬ್, ದೀಪಗಳ ಕಂಪನಿಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇಲ್ಲಿ ಹೇಳುವ ತೊಂದರೆಗಳು ಬಹುಮಟ್ಟಿಗೆ ಎಲ್ಲ ಡೈನಮೊ ದೀಪಗಳಿಗೂ ಸಲ್ಲುತ್ತವೆ.

ನಮ್ಮ ತಂದೆಯ ಸೈಕಲ್ಲಿನಲ್ಲಿದ್ದ, ಟೈರಿನ ಪಕ್ಕಕ್ಕೆ ಉಜ್ಜಿಕೊಂಡು ತಿರುಗುವ ಹಳೆಯ ಡೈನಮೊಗೂ ಇದೇ ಕಾಯಿಲೆಯಿತ್ತು. ಅದರಲ್ಲಿ ದೀಪಕ್ಕೆ ಹೋಗುತ್ತಿದ್ದದ್ದು ಒಂದೇ ತಂತಿ. ವಿದ್ಯುತ್ತು ಮರಳಿ ಬರುತ್ತಿದ್ದದ್ದು ಸೈಕಲ್ಲಿನ ಫ್ರೇಮಿನ ಮೂಲಕ. ಡೈನಮೊ ಕ್ಲಾಂಪಿನಲ್ಲಿದ್ದ ಚೂಪು ಮೂತಿಯ ಸ್ಕ್ರೂ ಬಣ್ಣವನ್ನು ಕೊರೆದು ಕಬ್ಬಿಣವನ್ನು ಮುಟ್ಟಬೇಕಿತ್ತು. ಅದರ ಸುತ್ತ ತುಕ್ಕು ಹಿಡಿದರೆ ದೀಪ ಮಿಣಮಿಣ ಎನ್ನುತ್ತಿತ್ತು. ಡೈನಮೊ ಮುಂದಿನ ಫೋರ್ಕಿನ ಮೇಲಿದ್ದರಂತೂ ಹಿಂದಿನ ದೀಪದ ವಿದ್ಯುತ್ತು ಹ್ಯಾಂಡಲಿನ ಬುಡದಲ್ಲಿರುವ, ಗ್ರೀಸು ತುಂಬಿದ ಬೇರಿಂಗ್ ಗುಂಡುಗಳನ್ನು ಹಾದು ಮರಳಬೇಕಿತ್ತು. ಮುಂದಿನ ಬಲ್ಬು 2.4 ವ್ಯಾಟ್, ಹಿಂದಿನದು 0.6 ವ್ಯಾಟ್ ಆಗಿದ್ದುದರಿಂದ, ಮುಂದಿನ ತಂತಿ ಕಳಚಿದರೆ ಎರಡಕ್ಕೂ ಹಂಚಿಹೋಗಬೇಕಾದ ವಿದ್ಯುತ್ತೆಲ್ಲ ಹಿಂದಿನ ಪುಟ್ಟ ಬಲ್ಬಿಗೆ ನುಗ್ಗಿ ಅದನ್ನು ಸುಡುತ್ತಿತ್ತು. ತಂದೆಯವರು ಬಲ್ಬು ಕೊಟ್ಟ ಅಂಗಡಿಯವನನ್ನು ಬೈಯುತ್ತಿದ್ದರು. ಪಾಪ, ಅವನ ತಪ್ಪೇನೂ ಇರಲಿಲ್ಲ.

ಹೊಸ ಹಬ್ ಡೈನಮೊ ಕೂಡ 6 ವೋಲ್ಟ್, 3 ವ್ಯಾಟ್‌ನದೇ. ಸವಾರಿಯ ವೇಗದಲ್ಲಿ ಸುಮಾರು ಅರ್ಧ ಆಂಪಿಯರ್ ಎಸಿ ವಿದ್ಯುತ್ತನ್ನು ಕೊಡುತ್ತದೆ. ಫ್ರೇಮನ್ನು ನೆಚ್ಚಿಕೊಳ್ಳದೆ ಎರಡು ತಂತಿಗಳನ್ನು ಎಳೆಯುವುದರಿಂದ ಹಳೆಯ ತೊಂದರೆಗಳಲ್ಲಿ ಅರ್ಧ ತಾನಾಗಿಯೇ ಹೋಗುತ್ತದೆ. ಉಳಿದ ಅರ್ಧ ಹಬ್‌ನ ಪಕ್ಕದಲ್ಲಿರುವ ಪ್ಲಾಸ್ಟಿಕ್ ಪ್ಲಗ್ಗಿನಲ್ಲಿದೆ. ಆ ಪ್ಲಗ್ಗಿನಲ್ಲಿ ತಂತಿಯ ಎಳೆಗಳನ್ನು ಬೆರಳಿನಿಂದ ಹೊಸೆದು, ಒಂದು ಕಾಲುವೆಯಲ್ಲಿ ಮಡಚಿ ಕೂರಿಸಿ, ಮೇಲೆ ಮುಚ್ಚಳ ಒತ್ತಬೇಕು. ಸ್ಕ್ರೂ ಇಲ್ಲ, ಬೆಸುಗೆ ಇಲ್ಲ. ಪಂಕ್ಚರ್ ಆದಾಗಲೆಲ್ಲ ಚಕ್ರ ಬಿಚ್ಚಲು ಈ ಪ್ಲಗ್ಗನ್ನು ಕೀಳಬೇಕಾಗುವುದರಿಂದ, ಮಡಚಿದ ಜಾಗದಲ್ಲಿ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಮಳೆನೀರು ಒಳಸೇರಿ ಉಳಿದ ಎಳೆಗಳಿಗೆ ಹಸಿರು ಕಿಲುಬು ಹತ್ತುತ್ತದೆ. ನನ್ನ ಏಳು ಪ್ರಸಂಗಗಳಲ್ಲಿ ನಾಲ್ಕು ಇಲ್ಲಿಯವೇ. ಇನ್ನೊಂದಕ್ಕೆ ನಾನೇ ಕಾರಣ: ಚಕ್ರವನ್ನು ಮರಳಿ ಹಾಕುವಾಗ ಆಕ್ಸಲನ್ನು ಬಿಗಿಯಾಗಿ ಕೂರಿಸಲಿಲ್ಲ, ಅದು ಸ್ವಲ್ಪ ತಿರುಗಿ ತಂತಿಯನ್ನೇ ಎಳೆದು ಕಿತ್ತಿತು.

ದೋಷ ಎಲ್ಲಿದೆಯೆಂದು ಹುಡುಕುವುದೇ ರಿಪೇರಿಗಿಂತ ಕಷ್ಟದ ಕೆಲಸ, ಮತ್ತು ಇಲ್ಲಿ ದೀಪದ ಒಂದು ಒಳ್ಳೆಯ ಸೌಲಭ್ಯವೇ ದಾರಿ ತಪ್ಪಿಸುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗಲೂ ದೀಪ ಆರದಿರಲೆಂದು ಸ್ವಲ್ಪ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಒಂದನ್ನು ಒಳಗೆ ಇಟ್ಟಿರುತ್ತಾರೆ. ಹಿಂದಿನ ತಂತಿ ಕಡಿದುಹೋದ ಮೇಲೂ ಕೆಂಪು ದೀಪ ಕೆಲವು ನಿಮಿಷ ಉರಿಯುತ್ತಲೇ ಇರುತ್ತದೆ. ಹೊರಡುವ ಮುನ್ನ ಹಿಂದಿರುಗಿ ನೋಡಿ ಸಮಾಧಾನಪಟ್ಟವನು ಹತ್ತು ನಿಮಿಷದ ನಂತರ ದೀಪವಿಲ್ಲದೆ ಲಾರಿಗಳ ಮುಂದೆ ಹೋಗುತ್ತಿರುತ್ತಾನೆ. ಅದೇ ರೀತಿ, ನಡಿಗೆಯ ವೇಗದಲ್ಲಿ ಬೆಳಕು ಮಿನುಗುವುದು ಡೈನಮೊದ ಸಹಜ ಗುಣ, ಲೂಸ್ ಕನೆಕ್ಷನ್ ಅಲ್ಲ. ವೇಗ ಹೆಚ್ಚಿದ ಮೇಲೂ ರಸ್ತೆಯ ಕುಲುಕಿಗೆ ತಕ್ಕಂತೆ ಮಿನುಗಿದರೆ ಮಾತ್ರ ಅನುಮಾನಿಸಬೇಕು. ಮಲ್ಟಿಮೀಟರ್ ಇದ್ದವರೂ ಒಂದು ಎಚ್ಚರ ವಹಿಸಬೇಕು. ದೀಪವನ್ನು ಕಳಚಿ ಚಕ್ರ ತಿರುಗಿಸಿ ಅಳೆದರೆ ಕಿಲುಬು ಹಿಡಿದ ಜಾಯಿಂಟ್ ಕೂಡ ಒಳ್ಳೆಯ ವೋಲ್ಟೇಜನ್ನೇ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆದುಕೊಳ್ಳುವ ವಿದ್ಯುತ್ತು ಅತ್ಯಲ್ಪ. ದೀಪ ಉರಿಯುತ್ತಿರುವಾಗಲೇ ಮೀಟರನ್ನು ಎಸಿಗೆ ಇಟ್ಟು, ಹಬ್‌ನಿಂದ ದೀಪದವರೆಗಿನ ಜಾಯಿಂಟ್‌ಗಳ ಆಚೆ ಈಚೆ ಎರಡು ಕಡ್ಡಿ ಹಿಡಿದರೆ ಸತ್ಯ ಗೊತ್ತಾಗುತ್ತದೆ: ಒಳ್ಳೆಯ ಜಾಯಿಂಟಿನಲ್ಲಿ ಅಂಕಿ ಸೊನ್ನೆಯ ಹತ್ತಿರವಿರುತ್ತದೆ, ಒಂದು ಓಮ್ ತಡೆಯಿದ್ದರೆ ಪೂರ್ಣ ವೇಗದಲ್ಲಿ ಅರ್ಧ ವೋಲ್ಟ್ ಅಲ್ಲೇ ಸೋರಿಹೋಗುತ್ತದೆ.

ಮೊದಲ ವರ್ಷ ನಾನು ಎಲ್ಲವನ್ನೂ ಬೆಸುಗೆ ಹಾಕಿ ಗೆದ್ದೆನೆಂದು ತಿಳಿದಿದ್ದೆ. ಬೆಸುಗೆಯ ಸೀಸ ಎಳೆಗಳ ನಡುವೆ ಹರಿದು ತಂತಿಯನ್ನು ಕಡ್ಡಿಯಂತೆ ಗಡುಸಾಗಿಸುತ್ತದೆ. ಗಡುಸು ಮುಗಿದು ಮೆದು ಆರಂಭವಾಗುವ ಜಾಗದಲ್ಲಿ, ಕಲ್ಲುರಸ್ತೆಯ ಅದಿರಾಟಕ್ಕೆ ತಂತಿ ಮುರಿಯುತ್ತದೆ. ಮೂಡಿಗೆರೆಯ ಹತ್ತಿರ ಸಂಜೆ ಏಳೂವರೆಗೆ, ಜಡಿಮಳೆಯಲ್ಲಿ, ಸರಿಯಾಗಿ ಹಾಗೆಯೇ ಮುರಿಯಿತು. ಈಗ ಬೆಸುಗೆಯನ್ನು ಬಿಟ್ಟು, ಒತ್ತಿ ಕೂರಿಸುವ ಚಪ್ಪಟೆ ಟರ್ಮಿನಲ್‌ಗಳನ್ನು ಬಳಸುತ್ತೇನೆ. ನನ್ನ ಹಿಂದಿನ ದೀಪಕ್ಕೆ ಬೇಕಾದದ್ದು 2.8 ಮಿಲಿಮೀಟರ್ ಅಗಲದ್ದು. ವಾಹನಗಳ ಎಲೆಕ್ಟ್ರಿಷಿಯನ್ ಬಳಿ ಕೇಳಿದರೆ 6.3ರದ್ದನ್ನು ಕೊಟ್ಟು ‘ಸ್ವಲ್ಪ ಒತ್ತಿದರೆ ಕೂತ್ಕೊಳ್ಳುತ್ತೆ ಸಾರ್’ ಎನ್ನುತ್ತಾರೆ. ಕೂರುವುದಿಲ್ಲ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ನಾಲ್ಕನೆಯದರಲ್ಲಿ ನನಗೆ ಸರಿಯಾದ ಅಳತೆ ಸಿಕ್ಕಿತು. ಕಟಿಂಗ್ ಪ್ಲೈಯರಿನಲ್ಲಿ ಜಜ್ಜದೆ ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿ, ಜಗ್ಗಿ ನೋಡಿ, ಒಳಮೈಗೆ ಅಂಟು ಸವರಿರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಮುಟ್ಟುವ ಜಾಗಕ್ಕೆ ಸ್ವಲ್ಪ ವ್ಯಾಸಲೀನ್ ಸವರಿದ ಜಾಯಿಂಟ್‌ಗಳು ಎರಡು ಮಳೆಗಾಲಗಳನ್ನು ದಾಟಿವೆ. ಇನ್ಸುಲೇಶನ್ ಟೇಪಿನ ಸಹವಾಸ ಬೇಡ: ಬಿಸಿಲಿಗೆ ಅದರ ಅಂಟು ಕರಗುತ್ತದೆ, ಮಳೆಯಲ್ಲಿ ಅದೇ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ತಂತಿಯ ದಾರಿಯನ್ನೂ ಬದಲಿಸಿದ್ದೇನೆ. ಫೋರ್ಕಿನಿಂದ ಫ್ರೇಮಿಗೆ ದಾಟುವಲ್ಲಿ, ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದರೂ ಬಿಗಿಯಾಗದಷ್ಟು ಸಡಿಲ ಬಿಟ್ಟಿದ್ದೇನೆ. ಹಬ್‌ನ ಬಳಿ ತಂತಿ ಕೆಳಗಿಳಿದು ಮತ್ತೆ ಮೇಲೇರಿ ಪ್ಲಗ್ಗನ್ನು ಸೇರುವಂತೆ ಬಳಸಿ ಕಟ್ಟಿರುವುದರಿಂದ ನೀರು ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಎರಡು ತಂತಿಗಳನ್ನು ಅದಲುಬದಲು ಹಾಕಿದರೆ ಏನೂ ಆಗದೆಂದು ನಾನೂ ನಂಬಿದ್ದೆ. ನನ್ನ ಹಬ್‌ನ ಒಂದು ತುದಿ ಆಕ್ಸಲಿಗೂ, ದೀಪದ ಒಂದು ತುದಿ ಅದರ ಬ್ರ್ಯಾಕೆಟ್ಟಿಗೂ ಕೂಡಿಕೊಂಡಿದ್ದುದರಿಂದ, ಅದಲುಬದಲಾದಾಗ ಫೋರ್ಕಿನ ಮೂಲಕ ಶಾರ್ಟ್ ಆಗಿ ದೀಪ ಹತ್ತಲೇ ಇಲ್ಲ. ಡೈನಮೊಗೆ ಅದರಿಂದ ಹಾನಿಯಾಗಲಿಲ್ಲ. ನನ್ನ ಒಂದು ಭಾನುವಾರ ಹೋಯಿತು.

27 ಗಂಟೆಗಳಲ್ಲಿ ಮುಗಿಸಬೇಕಾದ 400 ಕಿಲೋಮೀಟರ್ ಬ್ರೆವೆಯಲ್ಲಿ ಇಡೀ ರಾತ್ರಿ ಚಾರ್ಜಿನ ಚಿಂತೆಯಿಲ್ಲದೆ ತುಳಿದ ಮೇಲೆ ಬ್ಯಾಟರಿ ದೀಪಕ್ಕೆ ಮರಳುವ ಮನಸ್ಸು ನನಗಿಲ್ಲ. ಆದರೆ ತಿಂಗಳಿಗೊಮ್ಮೆ ತಂತಿ ನೋಡುವ ತಾಳ್ಮೆಯಿಲ್ಲದವರಿಗೆ ಇದನ್ನು ಕೊಳ್ಳಿರೆಂದು ಹೇಳಲಾರೆ. ಐದರಲ್ಲಿ ಡೈನಮೊಗೆ ಐದು, ದೀಪಕ್ಕೆ ನಾಲ್ಕು, ಹಬ್‌ನ ಪ್ಲಗ್ಗಿಗೆ ಒಂದೂವರೆ ಅಂಕ ಕೊಡುತ್ತೇನೆ. ಆ ಪ್ಲಗ್ಗಿಗೆ ಮಾತ್ರ ಇನ್ನೂ ಶಾಶ್ವತ ಪರಿಹಾರ ಸಿಕ್ಕಿಲ್ಲ. ಆರು ತಿಂಗಳಿಗೊಮ್ಮೆ ತಂತಿಯ ತುದಿಯನ್ನು ಒಂದು ಸೆಂಟಿಮೀಟರ್ ಕತ್ತರಿಸಿ ಹೊಸದಾಗಿ ಮಡಚುತ್ತೇನೆ. ಅದಕ್ಕೆಂದೇ ಫೋರ್ಕಿನ ಬಳಿ ಒಂದು ಗೇಣು ತಂತಿಯನ್ನು ಹೆಚ್ಚಾಗಿ ಸುತ್ತಿಟ್ಟಿದ್ದೇನೆ.