ಕಣಗಿಲೆಯಾ, ಕಾಗದದ ಹೂವಾ, ನಿತ್ಯಪುಷ್ಪವಾ? ಕೋಲಾರದ ಬಿಸಿಲಲ್ಲಿ ಬೆಳೆಸಿ ನೋಡಿದ್ದು

ಕೋಲಾರದಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಸುರಿದು ಮುಗಿಯುತ್ತದೆ. ಆಮೇಲೆ ಬೇಸಿಗೆ ಮಳೆ ಬರುವವರೆಗೆ ಗಿಡಗಳಿಗೆ ನಾವೇ ಗತಿ. ದುಡ್ಡು ಕೊಟ್ಟು ಟ್ಯಾಂಕರ್ ತರಿಸುವ ಮನೆಯಲ್ಲಿ ಗುಲಾಬಿ ಸಾಕೋದು ಆಗದ ಮಾತು. ಹಾಗಾಗಿ ಮನೆ ಮುಂದಿನ ಕೆಂಪು ಮಣ್ಣಿನಲ್ಲಿ ಕಾಗದದ ಹೂ, ನಿತ್ಯಪುಷ್ಪ, ಸ್ಫಟಿಕ, ಕಣಗಿಲೆ ನಾಲ್ಕನ್ನೂ ಬೆಳೆಸಿದೆ. ಬೇರೂರಿದ ಮೇಲೆ ಎಲ್ಲಕ್ಕೂ ಅಕ್ಕಿ, ಸೊಪ್ಪು ತೊಳೆದ ನೀರೇ.

ಬೇಸಿಗೆಯಲ್ಲಿ ಸಾಯದೆ ಉಳಿಯೋದು ಬೇರೆ, ಬೇಸಿಗೆಯಲ್ಲೂ ಪೂಜೆಗೆ ಹೂ ಕೊಡೋದು ಬೇರೆ. ನಾಲ್ಕೂ ಉಳಿದವು. ಬೇಸಿಗೆ ಪೂಜೆಗೆ ಒದಗಿದ್ದು ನಿತ್ಯಪುಷ್ಪ, ಕಣಗಿಲೆ ಎರಡೇ.

ನೋಡೋಕೆ ಚೆಂದ ಅಂದರೆ ಕಾಗದದ ಹೂವೇ. ನೀರು ಜಾಸ್ತಿಯಾದರೆ ಬರೀ ಎಲೆ ಬಿಡುತ್ತದೆ. ನೀರು ಕಮ್ಮಿ ಮಾಡಿ ಮಣ್ಣು ಒಣಗಲು ಬಿಟ್ಟರೆ ಮಾರ್ಚ್, ಏಪ್ರಿಲ್‌ನಲ್ಲಿ ಕಾಂಪೌಂಡೇ ಕಾಣದಷ್ಟು ಬಣ್ಣ. ಹತ್ತಿರ ಹೋಗಿ ನೋಡಿ: ಬಣ್ಣದ ಮೂರು ದಳ ಅಂದುಕೊಂಡದ್ದು ಎಲೆಯ ಜಾತಿಯದ್ದು, ನಿಜವಾದ ಹೂ ಒಳಗಿನ ಪುಟ್ಟ ಬಿಳಿ ಕೊಳವೆ. ಆದರೆ ನಮ್ಮಮ್ಮ ಅದನ್ನು ದೇವರಿಗೆ ಮುಟ್ಟಿಸಲ್ಲ. ಮುಳ್ಳು ಬೇರೆ. ಗಾಳಿ ಬೀಸಿದ ದಿನ ಗುಡಿಸಿ ಗುಡಿಸಿ ಸಾಕಾಗುತ್ತದೆ.

ನಿತ್ಯಪುಷ್ಪ ಮಡಗಾಸ್ಕರ್ ಮೂಲದ್ದು. ಮಧ್ಯಾಹ್ನ ಎಲೆ ಮುದುರಿ ಸೋತಂತೆ ಕಾಣುತ್ತದೆ, ಸಂಜೆಗೆ ತಾನೇ ಸರಿಹೋಗುತ್ತದೆ. ಆಗ ಗಾಬರಿಯಾಗಿ ಚೊಂಬು ಚೊಂಬು ನೀರು ಸುರಿಯಬೇಡಿ. ಇದಕ್ಕೆ ಬರಕ್ಕಿಂತ ಮಳೆಯೇ ಶತ್ರು: ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಕಪ್ಪಗಾಗುತ್ತದೆ. ಅದಕ್ಕೆ ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಬೇಕು. ಹಳೆಯ ಗಿಡ ಕೆಳಗೆ ಬೋಳಾದರೆ ಕಿತ್ತುಬಿಡಿ, ಬೀಜ ಬಿದ್ದು ಸುತ್ತ ಸಸಿ ಎದ್ದಿರುತ್ತವೆ. ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್ ಔಷಧಿ ಈ ಗಿಡದಿಂದಲೇ ಬಂದದ್ದು. ಹಾಗಂತ ಸಕ್ಕರೆ ಕಾಯಿಲೆಗೆ ಎಲೆ ಅಗಿಯುವವರಿದ್ದಾರಲ್ಲ, ದಯವಿಟ್ಟು ಬೇಡ. ಅದು ವಿಷದ ಎಲೆ.

ಸ್ಫಟಿಕ ಬೇಸಿಗೆಯಲ್ಲಿ ಒಣ ಕಡ್ಡಿಯಷ್ಟೇ. ಮಳೆ ಬಿದ್ದ ಮೇಲೆ ಚಿಗುರಿ, ಚಳಿಗಾಲದಲ್ಲಿ ಬಿಳಿ, ನೇರಳೆ ಹೂ ಬಿಡುತ್ತದೆ. ಮಾಲೆ ಕಟ್ಟೋಕೆ ಚೆನ್ನ. ಮೇಕೆ ನುಗ್ಗಿದರೆ ಮೊದಲು ಬೋಳಾಗುವುದು ಇದೇ.

ನನ್ನ ಲೆಕ್ಕದಲ್ಲಿ ಗೆದ್ದದ್ದು ಕಣಗಿಲೆ. ಮೊದಲ ವರ್ಷ ನೀರು ಬೇಕು, ಸುಳ್ಳು ಹೇಳಲ್ಲ. ಆಮೇಲೆ ವಾರಕ್ಕೊಮ್ಮೆ ಒಂದು ಬಕೆಟ್ ಸಾಕು. ಎಲೆ ಚರ್ಮದಂತೆ ದಪ್ಪ. ಉಸಿರಾಡುವ ರಂಧ್ರಗಳು ಎಲೆಯ ಅಡಿಯಲ್ಲಿ, ರೋಮ ತುಂಬಿದ ಸಣ್ಣ ಗುಳಿಗಳೊಳಗೆ ಇರುತ್ತವೆ. ಅದಕ್ಕೇ ಬಿಸಿಗಾಳಿಗೂ ತೇವ ಬೇಗ ಆರಲ್ಲ. ಬೋರ್‌ವೆಲ್‌ನ ಗಡಸು ನೀರಿಗೂ ತಕರಾರಿಲ್ಲ. ಹೈವೇ ಡಿವೈಡರ್‌ಗಳಲ್ಲಿ ಇದನ್ನೂ ಕಾಗದದ ಹೂವನ್ನೂ ಸುಮ್ನೆ ನೆಡುತ್ತಾರಾ? ಏಪ್ರಿಲ್ ಬಿಸಿಲಲ್ಲೂ ಶಿವನ ಪಟಕ್ಕೆ ಒಂದು ಬುಟ್ಟಿ ಹೂ ಸಿಗುತ್ತದೆ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ, ಹಾಗಾಗಿ ಒಂದು ಸುತ್ತು ಹೂ ಮುಗಿದ ಮೇಲೆ ಕೊಂಬೆ ಸವರಲೇಬೇಕು. ಎಳೆ ತುದಿಗೆ ಹಳದಿ ಹೇನು ಮುತ್ತಿದರೆ ಔಷಧಿ ಅಂಗಡಿಗೆ ಓಡಬೇಡಿ, ಪೈಪಿನ ನೀರು ಜೋರಾಗಿ ಹಾಯಿಸಿದರೆ ಉದುರುತ್ತವೆ.

ಮೇಕೆ, ದನ ಸಾಮಾನ್ಯವಾಗಿ ಇದನ್ನು ಮುಟ್ಟಲ್ಲ. ಕಾರಣ, ಬೇರಿನಿಂದ ಹೂವಿನವರೆಗೂ ವಿಷ, ಹೃದಯಕ್ಕೇ ತಗಲುವಂಥದ್ದು. ಸವರಿದ ಮೇಲೆ ಕೈ ತೊಳೆಯಲೇಬೇಕು. ಕಡ್ಡಿಯನ್ನು ನೀರೊಲೆಗೆ ಹಾಕಬಾರದು, ಹೊಗೆಯೂ ಕೆಟ್ಟದ್ದು. ನಾನು ಗುಂಡಿ ತೋಡಿ ಹೂಳುತ್ತೇನೆ. ಅಂಬೆಗಾಲಿಡುವ ಮಗು ಇರುವ ಮನೆಯವರು ಕಣಗಿಲೆ ಕಡ್ಡಿ ಕೇಳಿದರೆ ಕೊಡಲ್ಲ. ಸ್ಫಟಿಕದ ಕಡ್ಡಿ ಕೊಟ್ಟು ಕಳಿಸುತ್ತೇನೆ.