ಕಿಲೋಮೀಟರ್ ಭಾಗಿಸಿ ಟಿಕೆಟ್ ಮಾಡುವ ಏಜೆಂಟರಿದ್ದಾರೆ, ಹುಷಾರು

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟ ಹಿರಿಯರಿಗೆ ಏಜೆಂಟರ ಕೈಲಿ ಟಿಕೆಟ್ ಮಾಡಿಸುತ್ತಿದ್ದೀರಾ? ಹಾಗಿದ್ದರೆ ಇದನ್ನು ಓದಿ.

2024ರ ಏಪ್ರಿಲ್‌ನಲ್ಲಿ ನಮ್ಮ ಅತ್ತೆ-ಮಾವ ಸಿಯಾಟಲ್‌ಗೆ ಬರಬೇಕಿತ್ತು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ, ಅಲ್ಲಿಂದ ಬೇರೆ ಕಂಪನಿಯ ಬೇರೆ ಟಿಕೆಟ್. ಅಗ್ಗಕ್ಕೆ ಸಿಕ್ತು ಅಂತ ಏಜೆಂಟ್ ಸಿಯಾಟಲ್ ಟಿಕೆಟನ್ನೇ ಮೊದಲು ತೆಗೆದ. ಅದೂ ದುಡ್ಡು ವಾಪಸ್ ಬಾರದ ಟಿಕೆಟ್. ನಮಗೆ ಕಳಿಸಿದ್ದು ಅವನೇ ಟೈಪ್ ಮಾಡಿದ ಒಂದು ಹಾಳೆ: ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 4ಕ್ಕೆ ಇಳಿಯುತ್ತಾರೆ, 7.30ಕ್ಕೆ ಮುಂದಿನ ವಿಮಾನ, 'ಆರಾಮಾಗಿ ಟೈಮ್ ಇದೆ'.

ನಿಜವಾದ ಇ-ಟಿಕೆಟ್ ಬಂದದ್ದು ಹೊರಡುವ ಹಿಂದಿನ ರಾತ್ರಿ. ಅದರಲ್ಲಿ ಇಳಿಯುವ ಸಮಯ ಸಂಜೆ 6.30! ತಕ್ಷಣ ಫೋನ್ ಮಾಡಿದೆ. 'ಗೂಗಲ್‌ನಲ್ಲಿ 14 ಸಾವಿರ ಕಿಲೋಮೀಟರ್ ತೋರಿಸುತ್ತೆ ಸಾರ್, ಗಂಟೆಗೆ 900ರ ಲೆಕ್ಕ, ಹದಿನೈದೂವರೆ ಗಂಟೆ. ಗಾಳಿ ಇದ್ರೆ ಇನ್ನೂ ಬೇಗ' ಅಂದ.

ಆ 14 ಸಾವಿರ ಎಂಬುದು ಭೂಗೋಳದ ಮೇಲೆ ದಾರ ಹಿಡಿದು ಅಳೆದ ದೂರ. ವಿಮಾನ ಆ ದಾರದ ಮೇಲೆ ಹೋಗುವುದಿಲ್ಲ. ಗಾಳಿ, ಹವಾಮಾನ, ಯಾವ ದೇಶದ ಆಕಾಶ ಮುಚ್ಚಿದೆ ಎಲ್ಲ ನೋಡಿ ಸುತ್ತುತ್ತದೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ತಂದರಲ್ಲ, ಉತ್ತರ ಧ್ರುವದ ಮೇಲಿಂದ ಅವರು ಹಾರಿದ್ದು ಸುಮಾರು 16,000 ಕಿ.ಮೀ., ಹಿಡಿದದ್ದು ಹತ್ತಿರ ಹತ್ತಿರ 17 ಗಂಟೆ. ಇದರ ಜೊತೆ ರನ್‌ವೇವರೆಗೆ ತೆವಳುವ ಹೊತ್ತೂ ಟಿಕೆಟ್‌ನ ಸಮಯದಲ್ಲಿ ಸೇರಿರುತ್ತದೆ.

ಇನ್ನೊಂದು ಎಡವಟ್ಟು ಗಡಿಯಾರದ್ದು. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ಭಾರತಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ವ್ಯತ್ಯಾಸ ಹನ್ನೆರಡೂವರೆ ಆಗುತ್ತದೆ. ಈ ಪುಣ್ಯಾತ್ಮ ಏಪ್ರಿಲ್‌ಗೂ ಹದಿಮೂರೂವರೆಯನ್ನೇ ಕಳೆದಿದ್ದ.

ಉಳಿದದ್ದು ಒಂದೇ ಗಂಟೆ. ಅಮೆರಿಕದಲ್ಲಿ ಮೊದಲು ಇಳಿಯುವ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಬ್ಯಾಗ್ ಎತ್ತಿಕೊಂಡು, ಕಸ್ಟಮ್ಸ್ ದಾಟಬೇಕು. ಬೇರೆ ಟಿಕೆಟ್ ಆದರೆ ಮತ್ತೆ ಕೌಂಟರ್‌ಗೆ ಹೋಗಿ ಬ್ಯಾಗ್ ಕೊಡಬೇಕು. ಮಾವ ವೀಲ್‌ಚೇರ್‌ನಲ್ಲಿ, ತೊಡೆಯ ಮೇಲೆ ಮಾತ್ರೆ ಡಬ್ಬಿಯ ಚೀಲ. ಅತ್ತೆ ಹಪ್ಪಳ, ಚಟ್ನಿಪುಡಿಯ ಪೊಟ್ಟಣಗಳನ್ನು ಅಧಿಕಾರಿಗೆ ಬಿಚ್ಚಿ ತೋರಿಸುತ್ತಿದ್ದಾಗಲೇ ಸಿಯಾಟಲ್ ವಿಮಾನ ಹೊರಟಿತ್ತು. ಎರಡು ಟಿಕೆಟ್‌ಗೂ ಸಂಬಂಧ ಇಲ್ಲದ ಕಾರಣ ಯಾವ ಕಂಪನಿಯೂ ಹೊಣೆ ಹೊರಲಿಲ್ಲ. ರಾತ್ರಿ ಹೋಟೆಲ್, ಬೆಳಗ್ಗೆ ದುಬಾರಿ ಹೊಸ ಟಿಕೆಟ್.

ಹಾಗಾಗಿ ಎರಡು ವಿಮಾನ ಇದ್ದರೆ ಒಂದೇ ಪಿಎನ್‌ಆರ್‌ನಲ್ಲಿ ಕೊಡಿ ಅಂತ ಪಟ್ಟು ಹಿಡಿಯಿರಿ. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಕೂರಿಸುವುದು ಅವರ ಕೆಲಸ. ದುಡ್ಡು ಕೊಟ್ಟ ದಿನವೇ ಇ-ಟಿಕೆಟ್ ಕೇಳಿ, ಏಜೆಂಟ್ ಟೈಪ್ ಮಾಡಿದ ಹಾಳೆ ಅಲ್ಲ. ಅದರಲ್ಲಿರುವ ಪಿಎನ್‌ಆರ್ ಅನ್ನು ವಿಮಾನ ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಹೊರಡುವ, ಇಳಿಯುವ ಸಮಯ ಎರಡೂ ಆಯಾ ಊರಿನ ಗಡಿಯಾರದ್ದೇ ಇರುತ್ತವೆ, ಕೂಡಿ ಕಳೆಯುವ ಗೋಜೇ ಇಲ್ಲ.

ದುಡ್ಡು ವಾಪಸ್ ಕೇಳಿದ್ದಕ್ಕೆ ಏಜೆಂಟ್, ಮುಂದಿನ ಸಲ ಡಿಸ್ಕೌಂಟ್ ಕೊಡ್ತೀನಿ ಸಾರ್ ಅಂದಿದ್ದಾನೆ.