ಅಂಟು ಹುಕ್ ತೆಗೆಯಲು ಡ್ರೈಯರ್, ದಾರ, ಎಣ್ಣೆ, ರಿಮೂವರ್: ಯಾವುದು ಪೇಂಟ್ ಉಳಿಸಿತು?

ಮೂರು ವರ್ಷ ಇದ್ದ ಬಾಡಿಗೆ ಮನೆಯನ್ನು ಹೋದ ತಿಂಗಳು ಖಾಲಿ ಮಾಡಿದೆವು. ಬೆಂಗಳೂರಿನ ಹನುಮಂತನಗರದಲ್ಲಿ ಮೊದಲನೇ ಮಹಡಿಯ ಹಳೇ ಮನೆ. ಸಾಮಾನೆಲ್ಲ ಕಟ್ಟಿ ಮುಗಿಸಿ ನೋಡಿದರೆ ಗೋಡೆ, ಬಾಗಿಲು, ಟೈಲ್ಸ್ ಮೇಲೆ ಒಟ್ಟು 23 ಅಂಟು ಹುಕ್ ಉಳಿದಿದ್ದವು. ಬೀಗದ ಕೈಗೆ ಒಂದು, ಕ್ಯಾಲೆಂಡರಿಗೆ ಒಂದು, ಮಗಳ ಸ್ಕೂಲ್ ಬ್ಯಾಗಿಗೆ ಎರಡು, ಹೀಗೆ ಸೇರುತ್ತಾ ಹೋಗಿದ್ದವು. ಮೊಳೆ ಹೊಡೆಯಬೇಡಿ ಅಂತ ಓನರ್ ಆಂಟಿ ಮೊದಲೇ ಹೇಳಿದ್ದರು. ಅದಕ್ಕೇ ಹುಕ್ ಅಂಟಿಸಿದ್ದು. ಪೇಂಟಿಂಗಿಗೆ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯೋದು ಇಲ್ಲಿ ವಾಡಿಕೆ. ನಮ್ಮಿಂದ ಅದಕ್ಕಿಂತ ಜಾಸ್ತಿ ಖರ್ಚು ಅವರಿಗೆ ಬರಬಾರದು ಅಂತ ನನಗಿತ್ತು.

ಮೊದಲನೇ ಹುಕ್ಕನ್ನು ಕೈಯಲ್ಲೇ ಹಿಡಿದು ಎಳೆದೆ. ಹಾಲ್ ಗೋಡೆಯ ಪೇಂಟು, ಅದರ ಹಿಂದಿನ ಪುಟ್ಟಿ, ಎರಡೂ ಅಂಗೈ ಅಗಲಕ್ಕೆ ಕಿತ್ತು ಬಂತು. ಒಳಗಿನ ಸಿಮೆಂಟ್ ಕಂಡಿತು. ಅಲ್ಲಿಗೇ ಕೈ ನಿಲ್ಲಿಸಿದೆ. ಉಳಿದ 22 ಹುಕ್ಕುಗಳ ಮೇಲೆ ನಾಲ್ಕು ದಿನ ಬೇರೆ ಬೇರೆ ದಾರಿ ನೋಡಿದೆ.

ಎಲ್ಲಕ್ಕಿಂತ ಮೊದಲು ಗೊತ್ತಿರಬೇಕಾದದ್ದು ಒಂದಿದೆ. ಅದನ್ನು ಹೇಳಿಕೊಟ್ಟವರು ನಮ್ಮ ಪರಿಚಯದ ಪೇಂಟರ್ ಅಣ್ಣ. ಹುಕ್ ನೋಡಬೇಡಿ, ಗೋಡೆ ನೋಡಿ ಅಂದರು. ಒದ್ದೆ ಬೆರಳಲ್ಲಿ ಗೋಡೆಯನ್ನು ಒಂದು ಮೂಲೆಯಲ್ಲಿ ಉಜ್ಜಿ. ಬೆರಳಿಗೆ ಬಣ್ಣದ ಪುಡಿ ಅಂಟಿದರೆ ಅದು ಡಿಸ್ಟೆಂಪರ್. ಏನೂ ಅಂಟದೆ ನುಣುಪಾಗಿದ್ದರೆ ಹೆಚ್ಚಾಗಿ ಎಮಲ್ಷನ್. ನಮ್ಮ ಹಾಲ್ ಎಮಲ್ಷನ್, ಮಲಗುವ ಕೋಣೆ ಡಿಸ್ಟೆಂಪರ್, ಬಾಗಿಲುಗಳಿಗೆ ಎನಾಮಲ್, ಅಂದರೆ ಹೊಳೆಯುವ ಆಯಿಲ್ ಪೇಂಟ್. ಒಂದು ಕಡೆ ಚೆನ್ನಾಗಿ ನಡೆದ ಉಪಾಯ ಇನ್ನೊಂದು ಕಡೆ ಗೋಡೆ ಕೆಡಿಸಿತು.

ಹಾಲ್‌ನಲ್ಲಿ ಉಳಿದದ್ದು ಎಂಟು. ಅದರಲ್ಲಿ ಎರಡು, ಕೆಳಗೆ ಸಣ್ಣ ಬಾಲ ಇರುವ ಎಳೆದು ಬಿಡಿಸುವ ಪಟ್ಟಿಯವು. ಅವಕ್ಕೆ ಏನೂ ಬೇಕಾಗಲಿಲ್ಲ. ಹುಕ್ಕನ್ನು ಮೆತ್ತಗೆ ಹಿಡಿದು, ಬಾಲವನ್ನು ಗೋಡೆಗೆ ಒತ್ತಿದಂತೆಯೇ ನೇರ ಕೆಳಗೆ ನಿಧಾನಕ್ಕೆ ಎಳೆಯಬೇಕು. ಪಟ್ಟಿ ರಬ್ಬರಿನ ಹಾಗೆ ಉದ್ದ ಆಗುತ್ತಾ ತೆಳ್ಳಗಾಗಿ ತಾನೇ ಬಿಡುತ್ತದೆ. ನಮ್ಮ ಕಡೆಗೆ ಎಳೆದರೆ ಪೇಂಟ್ ಕೀಳಬಹುದು, ಪಟ್ಟಿಯೂ ತುಂಡಾಗಬಹುದು.

ಮಿಕ್ಕ ಆರರಲ್ಲಿ ಎರಡಕ್ಕೆ ಬರೀ ಹೇರ್ ಡ್ರೈಯರ್ ಹಿಡಿದೆ. ನಾಲ್ಕು ಬೆರಳು ದೂರದಲ್ಲಿ, ಒಂದೇ ಕಡೆ ನಿಲ್ಲಿಸದೆ, ಸುಮಾರು 40 ಸೆಕೆಂಡ್. ಈ ಅಂಟು ಪೂರ್ತಿ ಗಟ್ಟಿಯಾಗುವ ಜಾತಿಯದಲ್ಲ. ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಒಂದು ಹುಕ್ ಚೆನ್ನಾಗಿ ಬಂತು. ಇನ್ನೊಂದನ್ನು ಅವಸರದಲ್ಲಿ ಎಳೆದೆ, ಎಂಟಾಣೆ ಅಗಲದ ಪೇಂಟ್ ಹೋಯಿತು. ಜೋರಾಗಿ ಎಳೆದಷ್ಟೂ ಅಂಟು ಬಿಗಿಯಾಗಿ ಹಿಡಿಯುತ್ತದೆ, ನಿಧಾನಕ್ಕೆ ಎಳೆದರೆ ಜಾರಿಕೊಳ್ಳುತ್ತದೆ. ಇದನ್ನು ಕೈಗೇ ಅಭ್ಯಾಸ ಮಾಡಿಸಬೇಕು.

ಒಂದಕ್ಕೆ ಬರೀ ದಾರ ಹಾಕಿದೆ. ಹೂ ಕಟ್ಟುವ ದಾರ ಎರಡೇ ಎಳೆತಕ್ಕೆ ತುಂಡಾಯಿತು. ಹೊಲಿಗೆ ದಾರವೂ ಅಷ್ಟೇ. ಮೀನು ಹಿಡಿಯುವ ಗಾಳದ ನೈಲಾನ್ ದಾರ ಗಟ್ಟಿಯಾಗಿ ನಿಂತಿತು, ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ಕೂಡ. ದಾರವನ್ನು ಹುಕ್ಕಿನ ಹಿಂದೆ ಮೇಲಿನಿಂದ ತೂರಿಸಿ, ಗರಗಸದ ಹಾಗೆ ಆ ಕಡೆ ಈ ಕಡೆ ಎಳೆಯುತ್ತಾ ಇಳಿಸಬೇಕು. ಇದು ಬಿಳಿ ಸ್ಪಂಜಿನ ಟೇಪ್ ಇರುವ ಹುಕ್ಕುಗಳಿಗೆ ಹೇಳಿ ಮಾಡಿಸಿದ್ದು. ದಾರ ಸ್ಪಂಜನ್ನು ಕೊಯ್ಯುತ್ತದೆ, ಪೇಂಟಿನ ಮೇಲೆ ಎಳೆತ ಕಡಿಮೆ ಬೀಳುತ್ತದೆ.

ಕೊನೇ ಮೂರಕ್ಕೆ ಎರಡನ್ನೂ ಸೇರಿಸಿದೆ: ಮೊದಲು ಡ್ರೈಯರ್, ಬಿಸಿ ಇರುವಾಗಲೇ ದಾರ. ಮೂರೂ ಕಲೆ ಇಲ್ಲದೆ ಬಂದವು. ನಾನು ನೋಡಿದ್ದರಲ್ಲಿ ಎಮಲ್ಷನ್ ಗೋಡೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಈಗ ಎಲ್ಲರ ಮನೆಯಲ್ಲೂ ಇರುವ ಪಾರದರ್ಶಕ ಹಾಳೆಯ ಹುಕ್ಕಿಗೆ ಮಾತ್ರ ಸ್ವಲ್ಪ ಬದಲಾಯಿಸಬೇಕು. ಅದರ ಹಿಂದೆ ದಾರ ತೂರಲು ಜಾಗವೇ ಇರುವುದಿಲ್ಲ. ಬಿಸಿ ಮಾಡಿ, ಹಳೇ ಎಟಿಎಂ ಕಾರ್ಡಿನಿಂದ ಒಂದು ಮೂಲೆ ಎಬ್ಬಿಸಿ, ಹಾಳೆಯನ್ನು ಹಿಂದಕ್ಕೆ ಮಡಚಿ ಗೋಡೆಗೆ ತಾಗಿಸಿಕೊಂಡೇ ಸುಲಿಯುತ್ತಾ ಹೋಗಬೇಕು. ಚಾಕು ಮುಟ್ಟಬೇಡಿ.

ಡ್ರೈಯರ್ ಇಲ್ಲದವರಿಗೆ ಅಮ್ಮ ಹೇಳಿದ ದಾರಿ: ಸೊಂಟ ನೋವಿಗೆ ಇಡುವ ಬಿಸಿನೀರಿನ ಬ್ಯಾಗನ್ನು ಹುಕ್ಕಿನ ಮೇಲೆ ಐದು ನಿಮಿಷ ಒತ್ತಿ ಹಿಡಿಯೋದು. ನಾನು ಬಾಗಿಲಿನ ಒಂದು ಹುಕ್ಕಿಗೆ ಮಾಡಿ ನೋಡಿದೆ. ಡ್ರೈಯರಿನಷ್ಟು ಬೇಗ ಅಲ್ಲ, ಆದರೆ ಬಿಟ್ಟಿತು.

ಎಣ್ಣೆಯ ವಿಷಯಕ್ಕೆ ಬರುತ್ತೇನೆ. ಕೊಬ್ಬರಿ ಎಣ್ಣೆ ಹಚ್ಚಿ ಬಿಡಿ, ತಾನೇ ಬರುತ್ತೆ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಟೈಲ್ಸ್ ಮೇಲೆ ನಿಜ. ಅಡುಗೆಮನೆ ಮತ್ತು ಬಚ್ಚಲಿನ ಆರು ಹುಕ್ಕುಗಳ ಸುತ್ತ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಅಂಚು ಎದ್ದಿತ್ತು, ಕಾರ್ಡ್ ತೂರಿಸಿದರೆ ಬಂದವು. ಉಳಿದ ಅಂಟನ್ನು ಎಣ್ಣೆಯಲ್ಲೇ ತಿಕ್ಕಿ ಪಾತ್ರೆ ಸೋಪಿನಿಂದ ತೊಳೆದೆ. ಎನಾಮಲ್ ಬಾಗಿಲಿನ ಇನ್ನೆರಡೂ ಎಣ್ಣೆಗೆ ಬಗ್ಗಿದವು, ಒರೆಸಿದರೆ ಗುರುತಿಲ್ಲ. ಅದೇ ಎಣ್ಣೆಯನ್ನು ಕೋಣೆಯ ಡಿಸ್ಟೆಂಪರಿಗೆ ಹಚ್ಚಿದ್ದು ನನ್ನ ದೊಡ್ಡ ತಪ್ಪು. ಹುಕ್ ಬಂತು, ಆದರೆ ಗೋಡೆ ಎಣ್ಣೆ ಕುಡಿದು ತಟ್ಟೆಯಷ್ಟು ಅಗಲ ಕಪ್ಪಾಯಿತು. ಹಾಗೇ ಬಿಟ್ಟರೆ ಮೇಲೆ ಹೊಸ ಬಣ್ಣ ಕೂಡ ಸರಿಯಾಗಿ ಹಿಡಿಯುವುದಿಲ್ಲ ಅಂತ ಪೇಂಟರ್ ಅಣ್ಣ ಹೇಳಿದರು.

ಅಲ್ಲೇ ಇನ್ನೊಂದಕ್ಕೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟೆ. ಅಂಟು ಸಡಿಲವಾಗುವ ಮೊದಲೇ ಬಣ್ಣ ಕರಗಿ ಬಟ್ಟೆಗೆ ಬಂತು. ಡಿಸ್ಟೆಂಪರಿಗೆ ಒಣ ಬಿಸಿ ಮಾತ್ರ ಸರಿ. ಡ್ರೈಯರ್ ಮತ್ತು ದಾರ ಹಾಕಿದ ಎರಡರಲ್ಲಿ ಒಂದು ಚೆನ್ನಾಗಿ ಬಂತು, ಇನ್ನೊಂದು ತೆಳು ಪೊರೆಯಷ್ಟು ಬಣ್ಣ ಕಿತ್ತಿತು.

ನೇಲ್ ಪಾಲಿಶ್ ರಿಮೂವರನ್ನು ಹುಕ್ಕಿಗೆ ಹಚ್ಚಲು ಧೈರ್ಯ ಬರಲಿಲ್ಲ. ಹಾಲ್‌ನಲ್ಲಿ ಫ್ರಿಜ್ ಇದ್ದ ಜಾಗದ ಹಿಂದೆ ಒಂದು ಹನಿ ಹತ್ತಿಯಲ್ಲಿ ಉಜ್ಜಿದೆ. ಎಮಲ್ಷನ್ ಕರಗಿ ಹತ್ತಿಗೇ ಅಂಟಿತು. ಅದರಲ್ಲಿರುವ ಅಸಿಟೋನ್‌ಗೆ ಅಂಟೂ ಒಂದೇ, ಪೇಂಟೂ ಒಂದೇ. ಸ್ಯಾನಿಟೈಸರ್ ಅಷ್ಟು ಕ್ರೂರ ಅಲ್ಲ, ಆದರೂ ಹೊಳಪು ಹೋಯಿತು. ಗೋಡೆಗೆ ಇವೆರಡೂ ಬೇಡ. ಬೇಗ ಹೊತ್ತಿಕೊಳ್ಳುವ ವಸ್ತುಗಳು ಬೇರೆ, ಡ್ರೈಯರ್ ಬಿಸಿ ಮಾಡುವ ಕಡೆ ಇಟ್ಟುಕೊಳ್ಳಲೇಬೇಡಿ.

ಹುಕ್ ಬಂದ ಮೇಲೆ ಎಮಲ್ಷನ್ ಮೇಲೆ ಉಳಿಯುವ ಅಂಟಿಗೆ ಬೆರಳೇ ಸಾಕು. ಹೆಬ್ಬೆರಳಿನಿಂದ ಒಂದೇ ದಿಕ್ಕಿಗೆ ಉರುಳಿಸಿದರೆ ಸಣ್ಣ ಉಂಡೆಯಾಗಿ ಬರುತ್ತದೆ. ಹಟ ಹಿಡಿದದ್ದಕ್ಕೆ ಮಗಳ ಪೆನ್ಸಿಲ್ ರಬ್ಬರ್ ಬಳಸಿದೆ.

ಕಿತ್ತುಹೋದ ಜಾಗಗಳನ್ನು ನಾನೇ ಸರಿಮಾಡಿದೆ. ಸಡಿಲವಾದ ಅಂಚು ಕೆರೆದು, ಪುಟ್ಟಿ ತುಂಬಿ, ಒಣಗಿದ ಮೇಲೆ 220 ನಂಬರಿನ ಉಪ್ಪು ಕಾಗದ ಉಜ್ಜಿದೆ. ಬಣ್ಣ ಮಾತ್ರ ಹಚ್ಚಲಿಲ್ಲ. ಮೂರು ವರ್ಷ ಮಾಸಿದ ಗೋಡೆಗೆ ಹೊಸ ಡಬ್ಬಿಯ ಬಣ್ಣ ತೇಪೆಯ ಹಾಗೆ ಎದ್ದು ಕಾಣುತ್ತದೆ. ಆಂಟಿಯನ್ನು ಕರೆದು ಎಣ್ಣೆ ಕಲೆ ಸೇರಿಸಿ ಎಲ್ಲವನ್ನೂ ತೋರಿಸಿದೆ.

ಒಂದು ಹುಕ್ ಮಾತ್ರ ತೆಗೆಯಲೇ ಇಲ್ಲ. ಅದು ಬಚ್ಚಲಿಗೆ ಅಂಟಿಕೊಂಡ ಕೋಣೆಯ ಗೋಡೆಯಲ್ಲಿತ್ತು. ಮಳೆಗಾಲದ ಥಂಡಿಗೆ ಅಲ್ಲಿ ಬಣ್ಣ ಉಬ್ಬಿ ನಿಂತಿತ್ತು, ಮುಟ್ಟಿದರೆ ಪುಟ್ಟಿಯೇ ಉದುರುವಂತಿತ್ತು. ಅದನ್ನೂ ಆಂಟಿಗೆ ತೋರಿಸಿದೆ. ಅವರು ಹುಕ್ಕನ್ನು ಒಮ್ಮೆ ಅಲುಗಾಡಿಸಿ ನೋಡಿದರು. "ಇರಲಿ ಬಿಡಮ್ಮಾ, ಮುಂದೆ ಬರೋರು ಟವೆಲ್ ಹಾಕ್ಕೊಳ್ತಾರೆ" ಅಂದರು.